ಲಂಡನ್ನಿನ ಗ್ಯಾಲರಿಗಳು: ಬೆಲ್ ಒತ್ತಲು ಅಂಜಬೇಡಿ

ಲಂಡನ್ನಿಗೆ ಬಂದು ಮೂರು ತಿಂಗಳಾಯಿತು, ಚಿತ್ರಪ್ರದರ್ಶನಗಳ ಟಿಕೆಟ್ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಮಧ್ಯ ಲಂಡನ್ನಿನ ಮೇಫೇರ್ ಬಡಾವಣೆಯ ಗ್ಯಾಲರಿಗಳಲ್ಲಿ ಕೊಳ್ಳದವರನ್ನು ಒಳಗೆ ಬಿಡುತ್ತಾರಾ ಎಂದು ಕೇಳಿದ್ದೀರಿ. ಬಿಡುತ್ತಾರೆ. ಅದಕ್ಕೆ ಮುಂಚೆ ದುಡ್ಡಿನ ಮಾತು ಮುಗಿಸೋಣ.

ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್, ಟೇಟ್ ಬ್ರಿಟನ್, ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ), ಬ್ರಿಟಿಷ್ ಮ್ಯೂಸಿಯಂ, ಇಷ್ಟರಲ್ಲೂ ಕಾಯಂ ಸಂಗ್ರಹ ನೋಡಲು ಪುಕ್ಕಟೆ. ಟಿಕೆಟ್ ಕೇಳುವುದು ಕೆಲವು ತಿಂಗಳು ನಡೆಯುವ ವಿಶೇಷ ಪ್ರದರ್ಶನಗಳಿಗೆ. ವಯಸ್ಸು 16ರಿಂದ 25ರೊಳಗಿದ್ದರೆ ಟೇಟ್ ಗ್ಯಾಲರಿಗಳ ಯುವಜನರ ಯೋಜನೆ ಟೇಟ್ ಕಲೆಕ್ಟಿವ್ ಸೇರಿ. ಸೇರಲು ಶುಲ್ಕವಿಲ್ಲ, ಅಲ್ಲಿಯ ಪ್ರದರ್ಶನಗಳಿಗೆ ಟಿಕೆಟ್ 5 ಪೌಂಡ್. ದೊಡ್ಡವರು ವರ್ಷಕ್ಕೆ ಐದಾರು ಪ್ರದರ್ಶನ ನೋಡುವುದಾದರೆ ನ್ಯಾಷನಲ್ ಆರ್ಟ್ ಪಾಸ್ ತಗೊಳ್ಳಿ, ಬಹಳ ಕಡೆ ಅರ್ಧ ಬೆಲೆ. ‘ಕೊನೇ ವಾರ ನೋಡಿದರಾಯಿತು’ ಎಂದುಕೊಂಡರೆ ಕೆಟ್ಟಿರಿ. ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ.

ಶನಿವಾರ ಮಧ್ಯಾಹ್ನ ಬೇಡ, ಅದು ಜಾತ್ರೆ. ಶುಕ್ರವಾರ ನ್ಯಾಷನಲ್ ಗ್ಯಾಲರಿ ರಾತ್ರಿ 9ರವರೆಗೆ, ವಿ ಅಂಡ್ ಎ 10ರವರೆಗೆ ತೆರೆದಿರುತ್ತವೆ. ಜನ ಕಡಿಮೆಯಿದ್ದರೆ ಏನು ಲಾಭ ಅಂತೀರಾ? ನ್ಯಾಷನಲ್ ಗ್ಯಾಲರಿಯಲ್ಲಿ, ಕಲಾವಿದ ಹೋಲ್ಬೈನ್ 1533ರಲ್ಲಿ ಬರೆದ ‘ದಿ ಅಂಬಾಸಡರ್ಸ್’ ಚಿತ್ರದ ಮುಂದೆ ನಿಲ್ಲಿ. ಇಬ್ಬರು ಗಂಡಸರ ಕಾಲ ಬಳಿ ಬಿಳಚಿಕೊಂಡ ಉದ್ದನೆಯ ಮಚ್ಚೆಯಂಥದೊಂದಿದೆ. ಎದುರಿನಿಂದ ಅದು ಏನೂ ಅಲ್ಲ. ಚಿತ್ರದ ಬಲ ಅಂಚಿಗೆ ಸರಿದು, ಗೋಡೆಯ ಹತ್ತಿರದಿಂದ ಓರೆಯಾಗಿ ನೋಡಿದರೆ ತಲೆಬುರುಡೆ! ಗುಂಪಿದ್ದಾಗ ಆ ಒಂದು ಜಾಗವೇ ಸಿಗುವುದಿಲ್ಲ.

ಬ್ಯಾಗ್ ಚಿಕ್ಕದಿರಲಿ. ಚಿತ್ರಗಳ ಮೇಲೆ ಸೂಪು ಎರಚಿದ ಪ್ರತಿಭಟನೆಗಳಾದ ಮೇಲೆ ನ್ಯಾಷನಲ್ ಗ್ಯಾಲರಿ 2024ರ ಅಕ್ಟೋಬರಿನಲ್ಲಿ ದ್ರವಪದಾರ್ಥ ಒಳಗೆ ತರುವುದನ್ನೇ ನಿಷೇಧಿಸಿತು. ಮಗುವಿನ ಹಾಲು, ವೈದ್ಯರು ಬರೆದುಕೊಟ್ಟ ಔಷಧಿಗೆ ವಿನಾಯಿತಿ ಇಟ್ಟಿತು. ಮನೆಯಿಂದ ತಂದ ಕಾಫಿ ಫ್ಲಾಸ್ಕು ಬಾಗಿಲಲ್ಲೇ ತಕರಾರಾದೀತು. ಸ್ಕೆಚ್ ಮಾಡುವುದಾದರೆ ಪೆನ್ಸಿಲ್ ಒಯ್ಯಿರಿ.

ಈಗ ಮೇಫೇರ್. ಕಾರ್ಕ್ ಸ್ಟ್ರೀಟ್, ಸ್ಯಾವಿಲ್ ರೋ ಸುತ್ತ ಇರುವವು ಚಿತ್ರ ಮಾರುವ ಖಾಸಗಿ ಗ್ಯಾಲರಿಗಳು, ಪ್ರವೇಶ ಉಚಿತ. ಸಾಮಾನ್ಯವಾಗಿ ಮಂಗಳವಾರದಿಂದ ಶನಿವಾರ, 10ರಿಂದ 6. ಭಾನುವಾರ ಹೋಗಿ ಬೀಗ ನೋಡಿಕೊಂಡು ಬರುವುದು ಹೊಸಬರ ಮಾಮೂಲಿ ತಪ್ಪು. ಒಂದು ಪ್ರದರ್ಶನ ಇಳಿಸಿ ಇನ್ನೊಂದು ಏರಿಸುವ ದಿನಗಳಲ್ಲೂ ಬಾಗಿಲು ಮುಚ್ಚಿರುತ್ತದೆ, ತಾರೀಖು ನೋಡಿಕೊಂಡೇ ಹೊರಡಿ. ಕೆಲವು ಕಡೆ ಬೆಲ್ ಒತ್ತಬೇಕು. ಒಳಗಿನವರು ತಲೆಯೆತ್ತಿ ನೋಡದೆ ಕಂಪ್ಯೂಟರಿನಲ್ಲೇ ಮುಳುಗಿದ್ದರೆ ಅದು ಅವಮಾನವಲ್ಲ, ಇಲ್ಲಿಯ ರೀತಿಯೇ ಅಷ್ಟು. ಗೋಡೆಯ ಮೇಲೆ ಹೆಸರಿನ ಚೀಟಿ ಇರದಿದ್ದರೆ ಮೇಜಿನ ಮೇಲೆ ಹಾಳೆ ಇರುತ್ತದೆ: ಕೃತಿಯ ಹೆಸರು, ಮಾಧ್ಯಮ, ಅಳತೆ. ಬೆಲೆಪಟ್ಟಿ ಬೇಕೆಂದರೆ ಕೇಳಿ. ಕೆಂಪು ಚುಕ್ಕೆ ಅಂಟಿಸಿದ್ದರೆ ಮಾರಾಟವಾಗಿದೆ.

ಉದ್ಘಾಟನೆಯ ಸಂಜೆಗೆ ‘ಪ್ರೈವೇಟ್ ವ್ಯೂ’ ಎನ್ನುತ್ತಾರೆ. ಹೆಸರಿಗೆ ಪ್ರೈವೇಟ್, ಆದರೆ ಎಷ್ಟೋ ಕಡೆ ಯಾರು ಬೇಕಾದರೂ ಹೋಗಬಹುದು. ಗ್ಯಾಲರಿಯ ಇಮೇಲ್ ಪಟ್ಟಿಗೆ ಹೆಸರು ಕೊಡಿ. ಬರುವುದನ್ನು ತಿಳಿಸಿ ಎಂದಿದ್ದರೆ ತಿಳಿಸಿ. ಸಾಮಾನ್ಯವಾಗಿ 6ರಿಂದ 8. ವೈನು, ಬಿಯರು ಕೊಡುತ್ತಾರೆ, ಬೇಡದವರು ನೀರು ಕೇಳಬಹುದು. ತಿನ್ನಲು ಏನಾದರೂ ಸಿಕ್ಕೀತೆಂದು ನಂಬಿ ಹೋಗಬೇಡಿ. ಏಳಕ್ಕೆ ಜನ ತುಂಬಿ ಚಿತ್ರ ಕಾಣುವುದಿಲ್ಲ, ಕಲಾವಿದರೊಡನೆ ನಾಲ್ಕು ಮಾತಾಡಬೇಕಿದ್ದರೆ ಆರಕ್ಕೇ ಹೋಗಿ.

ಹೊಸಬರು ಬಿಟ್ಟುಬಿಡುವ ಇನ್ನೊಂದು ಜಾಗ ಹರಾಜು ಮನೆ. ನ್ಯೂ ಬಾಂಡ್ ಸ್ಟ್ರೀಟಿನ ಸದಬೀಸ್, ಕಿಂಗ್ ಸ್ಟ್ರೀಟಿನ ಕ್ರಿಸ್ಟೀಸ್‌ನಲ್ಲಿ ಹರಾಜಿಗೆ ಕೆಲವು ದಿನ ಮುಂಚೆ ಕೃತಿಗಳನ್ನು ಸಾರ್ವಜನಿಕರಿಗೆ ತೋರಿಸುತ್ತಾರೆ, ಪುಕ್ಕಟೆ. ಅಂದಾಜು ಬೆಲೆ ಪಕ್ಕದಲ್ಲೇ ಇರುತ್ತದೆ. ದಕ್ಷಿಣ ಏಷ್ಯಾದ ಕಲೆಯ ಹರಾಜು ಯಾವಾಗೆಂದು ಅವರ ವೆಬ್‌ಸೈಟಿನಲ್ಲಿ ನೋಡುತ್ತಿರಿ. ಉಡುಪಿ ಬಳಿಯ ಕಟ್ಟಿಂಗೇರಿಯ ಕಲಾವಿದ ಕೆ.ಕೆ. ಹೆಬ್ಬಾರರ ಕ್ಯಾನ್ವಾಸು ಆಗೊಮ್ಮೆ ಈಗೊಮ್ಮೆ ಅಲ್ಲಿಗೆ ಬರುತ್ತದೆ. ಸುತ್ತಿಗೆ ಬಿದ್ದ ಮೇಲೆ ಅದು ಯಾರದೋ ಮನೆಯ ಗೋಡೆಗೆ ಹೋಗುತ್ತದೆ, ಅದಕ್ಕೇ ಆ ವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.