ಗೆಣಸಿನ ಎಲೆ ಮೇಲೆ ಚಿನ್ನದ ಹನಿಯಂಥ ಹುಳ: ಇದು ಯಾವುದು?

ತಾರಸಿಯ ಗೆಣಸಿನ ಬಳ್ಳಿಯಲ್ಲಿ ಚಿನ್ನದ ಬಣ್ಣದ ಹುಳ ಇದೆ, ಅದು ಗುಲಗಂಜಿ ಹುಳವೇ, ಔಷಧಿ ಹೊಡೆಯಬೇಕೇ ಎಂದು ಕೇಳಿದ್ದೀರಿ. ಗುಲಗಂಜಿ ಹುಳ ಅಲ್ಲ. ನೀವು ಹೇಳಿದ ಗುರುತು ನೋಡಿದರೆ ಇದು ಆಮೆ ಜೀರುಂಡೆ, ಎಲೆ ತಿನ್ನುವ ಜೀರುಂಡೆಗಳ ಕುಟುಂಬದ್ದು.

ಬೆನ್ನಿನ ಸುತ್ತ ಗಾಜಿನಂಥ ತೆಳು ಅಂಚು ಇದೆಯಾ ನೋಡಿ. ತಲೆ ಆ ಅಂಚಿನ ಕೆಳಗೆ ಅಡಗಿರುತ್ತದೆ. ಇರುವೆ ಹತ್ತಿರ ಬಂದರೆ ಕಾಲು, ಮೀಸೆ ಎಲ್ಲಾ ಒಳಗೆಳೆದುಕೊಂಡು, ಬೋರಲು ಹಾಕಿದ ತಟ್ಟೆಯ ಹಾಗೆ ಎಲೆಗೆ ಅಂಟಿ ಕೂರುತ್ತದೆ. ಅಂಚಿನಲ್ಲಿ ಆಮೆಯ ನಾಲ್ಕು ಕಾಲಿನಂತೆ ಕಂದು ಮಚ್ಚೆ ಇದ್ದರೆ ಆಸ್ಪಿಡಿಮಾರ್ಫಾ ಕುಲದ್ದಿರಬಹುದು.

ಚಿಕ್ಕವನಿದ್ದಾಗ ಒಂದನ್ನು ಹಿಡಿದು, ಜೀರ್ಜಿಂಬೆ ಸಾಕುವ ಹಾಗೆ ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಎರಡು ದಿನ ಬಿಟ್ಟು ತೆಗೆದರೆ ಹುಳ ಸತ್ತಿತ್ತು, ಚಿನ್ನವೂ ಹೋಗಿ ಒಣ ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ತಮ್ಮನೇ ಬದಲಾಯಿಸಿದ್ದಾನೆ ಅಂತ ಜಗಳ ಬೇರೆ! ಆಮೇಲೆ ಗೊತ್ತಾಯಿತು, ಚಿಪ್ಪಿನ ತೆಳು ಪದರಗಳಲ್ಲಿ ತೇವ ಇರುವಷ್ಟು ಹೊತ್ತು ಮಾತ್ರ ಆ ಹೊಳಪು. ಜೀರ್ಜಿಂಬೆಯ ರೆಕ್ಕೆ ಹಾಗಲ್ಲ, ಸತ್ತು ವರ್ಷಗಳಾದರೂ ಹಸಿರು ಮಿನುಗುತ್ತದೆ. ಆದ್ದರಿಂದ ಫೋಟೋ ತೆಗೆಯುವುದಿದ್ದರೆ ಬದುಕಿರುವಾಗಲೇ ತೆಗೆಯಿರಿ.

ಈಗ ಎಲೆ ಮಗುಚಿ ನೋಡಿ. ಕಸದ ಚೂರಿನಂಥ ಏನೋ ಮೆಲ್ಲಗೆ ಚಲಿಸುತ್ತಿದ್ದರೆ ಅದೇ ಇದರ ಮರಿ. ಮೈ ಸುತ್ತ ಮುಳ್ಳು. ಕಳಚಿದ ಹಳೇ ಚರ್ಮವನ್ನು ಬಾಲದ ಕವೆಯಲ್ಲಿ ಸಿಕ್ಕಿಸಿ ಕೊಡೆಯಂತೆ ಬೆನ್ನ ಮೇಲೆ ಹಿಡಿದಿರುತ್ತದೆ. ಕೆಲವು ಜಾತಿಗಳು ಅದರ ಜೊತೆ ತಮ್ಮ ಹಿಕ್ಕೆಯನ್ನೂ ಸೇರಿಸುತ್ತವೆ. ಇರುವೆ ಬಂದರೆ ಆ ಗಲೀಜನ್ನೇ ಎತ್ತಿ ಅಡ್ಡ ಹಿಡಿಯುತ್ತವೆ. ಚಿನ್ನದಂಥ ತಾಯಿಗೆ ಇಂಥ ಮರಿ ಅಂದರೆ ಯಾರೂ ನಂಬಲ್ಲ ಅಲ್ವಾ?

ಮೊಟ್ಟೆ ಎಲೆಗೆ ಅಂಟಿಕೊಂಡಿರುತ್ತದೆ, ಮೇಲೆ ತೆಳು ಹಾಳೆಯಂಥ ಹೊದಿಕೆ. ಮರಿ ಕೆಲವು ಸಲ ಪೊರೆ ಬಿಟ್ಟು, ಕೊನೆಗೆ ಎಲೆಯ ಮೇಲೇ ಕೋಶವಾಗುತ್ತದೆ. ಎಲ್ಲಾ ಸೇರಿ ಸುಮಾರು ಒಂದು ತಿಂಗಳು, ಹವೆ ನೋಡಿಕೊಂಡು ಹೆಚ್ಚುಕಮ್ಮಿ. ಕೋಶದಿಂದ ಹೊರಬಂದ ತಕ್ಷಣ ಚಿನ್ನ ಇರುವುದಿಲ್ಲ, ಬಣ್ಣ ಕೂಡಲು ಕೆಲವು ದಿನ ಬೇಕು. ಮಂಕಾದ ಹುಳ ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ.

ಔಷಧಿ ಬೇಡ. ಎಲೆಯಲ್ಲಿ ತೂತು ಬೀಳುತ್ತವೆ ಅಷ್ಟೇ, ಗೆಡ್ಡೆ ಮಣ್ಣೊಳಗೆ ಬೆಳೆಯುತ್ತಲೇ ಇರುತ್ತದೆ. ತೂತು ತೀರಾ ಜಾಸ್ತಿಯಾದರೆ ಮರಿಗಳಿರುವ ಎಲೆಗಳನ್ನು ಕಿತ್ತುಹಾಕಿ. ನಾನಂತೂ ನಮ್ಮ ಬಳ್ಳಿಯ ಒಂದು ಕುಡಿಯನ್ನು ಇವಕ್ಕೇ ಬಿಟ್ಟಿದ್ದೇನೆ.