ಮುಖ ಬಿಟ್ಟು ಕೈಯನ್ನಷ್ಟೇ ತೆಗೆದರೂ ಕೇಳಬೇಕೆ?

ಪ್ರಶ್ನೆ: ವಿದೇಶ ಪ್ರವಾಸದಲ್ಲಿ ಕುಶಲಕರ್ಮಿಗಳ ಮುಖಕ್ಕೆ ಕ್ಯಾಮೆರಾ ಹಿಡಿಯಲು ಸಂಕೋಚವಾಗುವುದರಿಂದ ದುಡಿಯುವ ಕೈಗಳ ಚಿತ್ರಗಳನ್ನಷ್ಟೇ ತೆಗೆಯುತ್ತೇನೆ. ಇದಕ್ಕೂ ಅನುಮತಿ ಬೇಕೆ? ಅಲ್ಲದೆ, ಕೈಗಳು ಎಷ್ಟೇ ಸ್ಪಷ್ಟವಾಗಿ ಮೂಡಿದರೂ ಅವುಗಳಲ್ಲಿ ಕೆಲಸದ ಕಳೆ ಕಾಣುವುದಿಲ್ಲ. ಏಕೆ?

ಉತ್ತರ: ಅನುಮತಿ ಖಂಡಿತ ಬೇಕು. ಮುಖವಿಲ್ಲದಿದ್ದರೆ ಗುರುತು ಸಿಗದೆಂದು ನಾವು ಭಾವಿಸುತ್ತೇವೆ. ಆದರೆ ಹಚ್ಚೆ, ಉಂಗುರ, ಹಳೆಯ ಗಾಯದ ಕಲೆ, ಹಿನ್ನೆಲೆಯಲ್ಲಿ ಕಾಣುವ ಅಂಗಡಿಯ ಗೋಡೆ, ಇಷ್ಟರಿಂದಲೇ ಅಲ್ಲಿಯವರು ಅದು ಯಾರ ಕೈಯೆಂದು ಹೇಳಬಲ್ಲರು. ಗುರುತು ಸಿಗುವ ವ್ಯಕ್ತಿಯ ಚಿತ್ರವನ್ನು ಪ್ರಕಟಿಸಲು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವರ ಒಪ್ಪಿಗೆ ಬೇಕೆಂಬ ಕಾನೂನು ಜರ್ಮನಿಯಲ್ಲಿ 1907ರಿಂದಲೂ ಇದೆ. ಹಂಗೇರಿಯಲ್ಲಿ 2014ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯಂತೆ ಚಿತ್ರ ತೆಗೆಯುವುದಕ್ಕೇ ಒಪ್ಪಿಗೆ ಬೇಕು. ಬೆರಳ ತುದಿಗಳು ನಿಚ್ಚಳವಾಗಿ ಕಾಣುವ ಸಮೀಪಚಿತ್ರಗಳನ್ನು ಹಂಚಿಕೊಳ್ಳುವಾಗ ಇನ್ನಷ್ಟು ಎಚ್ಚರವಿರಲಿ. ಜರ್ಮನಿಯ ಆಗಿನ ರಕ್ಷಣಾ ಸಚಿವೆಯ ಬೆರಳಚ್ಚನ್ನು ಕೇವಲ ಛಾಯಾಚಿತ್ರಗಳಿಂದ ಮರುಸೃಷ್ಟಿಸಬಹುದೆಂದು ತಂತ್ರಜ್ಞರೊಬ್ಬರು 2014ರಲ್ಲೇ ತೋರಿಸಿದ್ದಾರೆ.

ಭಾಷೆ ಬಾರದಿದ್ದರೆ ಕ್ಯಾಮೆರಾವನ್ನು ತೋರಿಸಿ, ಅವರ ಕೈಗಳತ್ತ ಸನ್ನೆ ಮಾಡಿ, ಕಾಯಿರಿ. ತಲೆಯಾಡಿಸಿದರೆ ಸರಿ, ಬೆನ್ನು ತಿರುಗಿಸಿದರೆ ಅದೇ ಉತ್ತರ.

ನಿಮ್ಮ ಎರಡನೆಯ ಮಾತಿಗೆ ಬರುತ್ತೇನೆ. ನಾವು ಸಾಮಾನ್ಯವಾಗಿ ಚಲಿಸುವ ಕೈಯನ್ನೇ ಹಿಂಬಾಲಿಸುತ್ತೇವೆ. ಕೆಲಸದ ಜಾಣ್ಮೆ ಮಾತ್ರ ಬಹಳ ಸಲ ಇನ್ನೊಂದು ಕೈಯಲ್ಲಿರುತ್ತದೆ. ಮೊರಾಕ್ಕೊದ ಫೆಜ್ ನಗರದ ಸೆಫಾರಿನ್ ಚೌಕದಲ್ಲಿ ತಾಮ್ರದ ಪಾತ್ರೆ ಬಡಿಯುವವರ ಎದುರು ನಿಂತವರ ಕಣ್ಣು ಮೊದಲು ಸುತ್ತಿಗೆಗೆ ಹೋಗುತ್ತದೆ. ಆದರೆ ಸುತ್ತಿಗೆ ಬಹುಮಟ್ಟಿಗೆ ಒಂದೇ ಜಾಗಕ್ಕೆ ಬೀಳುತ್ತಿದ್ದರೆ, ಪ್ರತಿ ಪೆಟ್ಟಿನ ನಡುವೆ ಪಾತ್ರೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಮುಂದಿನ ಪೆಟ್ಟು ಎಲ್ಲಿ ಬೀಳಬೇಕೆಂದು ನಿರ್ಧರಿಸುವುದು ಪಾತ್ರೆಯ ಅಂಚನ್ನು ಹಿಡಿದ ಕೈ. ಹೆಬ್ಬೆರಳು ಅಂಚಿನ ಹೊರಗೆ, ಉಳಿದ ಬೆರಳುಗಳು ಒಳಗೆ, ಉಗುರಿನ ಸಂದಿಯಲ್ಲಿ ಕಪ್ಪು ಮಸಿ: ಫೋಕಸ್ ಅಲ್ಲಿರಲಿ. ಬಡಿಯುವ ಕೈ ತುಸು ಮಸುಕಾದರೂ ಚಿಂತೆಯಿಲ್ಲ, ಆ ಮಸುಕೇ ಅದರ ವೇಗವನ್ನು ಹೇಳುತ್ತದೆ. ಷಟರ್ ವೇಗ, ಅಂದರೆ ಬೆಳಕು ಒಳಬರಲು ಕ್ಯಾಮೆರಾ ತೆರೆದಿರುವ ಅವಧಿ, 1/30 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಇದು ಸಾಧ್ಯ. ಎರಡೂ ಕೈ ಸ್ಪಷ್ಟವಾಗಿ ಬೇಕೆಂದರೆ ಸುತ್ತಿಗೆ ಮೇಲೇರಿ ಕ್ಷಣಕಾಲ ತಡೆಯುವ ಗಳಿಗೆಯಲ್ಲಿ 1/250 ಸಾಕಾಗುತ್ತದೆ. ಆ ಗಳಿಗೆ ಸಿಗಬೇಕಾದರೆ ಮಾತ್ರ ಕೆಲಸದ ಲಯ ಮನಸ್ಸಿಗೆ ಇಳಿಯುವವರೆಗೆ ಕ್ಯಾಮೆರಾ ಎತ್ತದೆ ನೋಡುತ್ತಾ ನಿಲ್ಲಬೇಕು.

ಕೈ ದುಡಿಯುತ್ತಲೇ ಇರಬೇಕೆಂದೂ ಇಲ್ಲ. ಛಾಯಾಗ್ರಾಹಕಿ ಟೀನಾ ಮೊದೊತ್ತಿ 1927ರಲ್ಲಿ ಮೆಕ್ಸಿಕೊದಲ್ಲಿ ತೆಗೆದ ಒಂದು ಪ್ರಸಿದ್ಧ ಚಿತ್ರದಲ್ಲಿ ಕೂಲಿಕಾರನ ಕೈಗಳು ಉಪಕರಣದ ಹಿಡಿಯ ಮೇಲೆ ಸುಮ್ಮನೆ ಕುಳಿತಿವೆ, ಆದರೂ ಅವುಗಳ ದುಡಿಮೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಚರ್ಮದ ಬಿರುಕುಗಳು ಕಾಣಬೇಕಾದರೆ ಕಿಟಕಿಯ ಬೆಳಕು ಓರೆಯಾಗಿ ಬೀಳಲಿ. ಫ್ಲಾಶ್ ದಯವಿಟ್ಟು ಬೇಡ. ಅದು ಬಿರುಕುಗಳನ್ನೂ ಅಳಿಸುತ್ತದೆ, ಉಳಿ ಹಿಡಿದವನ ಗಮನವನ್ನೂ ಕೆಡಿಸುತ್ತದೆ.

ಪ್ರಶ್ನೆ: ಜಪಾನಿನ ಕಾರ್ಯಾಗಾರಗಳ ಒಳಗೆ ತೆಗೆದ ಕೆಲವು ಚಿತ್ರಗಳಲ್ಲಿ ಕೈಗಳ ಮೇಲೆ ಕಪ್ಪು ಪಟ್ಟಿಗಳು ಮೂಡಿವೆ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಕೆಲವು ಎಲ್‌ಇಡಿ ಮತ್ತು ಟ್ಯೂಬ್ ದೀಪಗಳು ವಿದ್ಯುತ್ತಿನ ಆವರ್ತನದ ಎರಡರಷ್ಟು ವೇಗದಲ್ಲಿ ಮಿನುಗುತ್ತವೆ. ಷಟರ್ ವೇಗ ಅದಕ್ಕೆ ಹೊಂದದಿದ್ದರೆ ಇಂತಹ ಪಟ್ಟಿಗಳು ಬರುತ್ತವೆ. ಜಪಾನಿನ ಪೂರ್ವಭಾಗದಲ್ಲಿ ಆವರ್ತನ 50 ಹರ್ಟ್ಸ್, ಪಶ್ಚಿಮದಲ್ಲಿ 60. ಆದ್ದರಿಂದ ಟೋಕಿಯೊದಲ್ಲಿ 1/50 ಅಥವಾ 1/100, ಕ್ಯೋಟೊದಲ್ಲಿ 1/60 ಇಟ್ಟು ನೋಡಿ. ಷಟರ್ ಸದ್ದಿಲ್ಲದಂತೆ ಎಲೆಕ್ಟ್ರಾನಿಕ್ ವಿಧಾನದಲ್ಲಿದ್ದರೆ ಪಟ್ಟಿಗಳು ಇನ್ನೂ ಹೆಚ್ಚು ಕಾಣುವ ಸಂಭವವಿದೆ. ಅಂತಹ ಕಡೆ ಮೆಕ್ಯಾನಿಕಲ್ ಷಟರ್‌ ಬಳಸಿ.