ಘಟ್ಟದ ಮೇಲಿನಿಂದ ಕಡಲಿನವರೆಗೆ ಕಾಲ್ನಡಿಗೆ: ಆರು ದಿನಗಳ ಪ್ರವಾಸವನ್ನು ಹೇಗೆ ಯೋಜಿಸಬೇಕು?

ಪ್ರಶ್ನೆ: ನಾವು ಶಿವಮೊಗ್ಗದ ವಿನೋಬನಗರದಲ್ಲಿ ವಾಸವಾಗಿದ್ದೇವೆ. ನನಗೆ 52 ವರ್ಷ, ಪತ್ನಿಗೆ 48. ಕಾಲೇಜಿನಲ್ಲಿ ಓದುತ್ತಿರುವ ಮಗಳೂ ಜೊತೆಗಿರುತ್ತಾಳೆ. ದಿನವೂ ಬೆಳಿಗ್ಗೆ ಒಂದು ಗಂಟೆ ನಡೆಯುವ ಅಭ್ಯಾಸ ಮೂವರಿಗೂ ಇದೆ. ಡಿಸೆಂಬರ್ ಕೊನೆಯ ವಾರದ ರಜೆಯಲ್ಲಿ ನಗರ ಎಂಬ ಊರಿನಿಂದ ಹೊರಟು, ಕೊಡಚಾದ್ರಿ ಹತ್ತಿ, ಕೊಲ್ಲೂರಿಗೆ ಇಳಿದು, ಮರವಂತೆಯ ಕಡಲತೀರದವರೆಗೆ ಆರು ದಿನಗಳಲ್ಲಿ ನಡೆದೇ ಹೋಗಬೇಕೆಂಬ ಆಸೆ. ದಿನಕ್ಕೆ 25 ಕಿ.ಮೀ. ಲೆಕ್ಕ ಹಾಕಿದ್ದೇವೆ. ಇದು ಸಾಧ್ಯವೇ? ಏನೇನು ಸಿದ್ಧತೆ ಬೇಕು?

ಉತ್ತರ: ತಾವು ಆರಿಸಿಕೊಂಡಿರುವ ದಾರಿ ಬಹಳ ಸೊಗಸಾದದ್ದು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು, ಅಂದರೆ ಇಂದಿನ ನಗರದಿಂದ ಹೊರಟು, 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಕಂಡು, ಸೌಪರ್ಣಿಕಾ ನದಿಯ ಸೀಮೆಯಲ್ಲಿ ಸಮುದ್ರದವರೆಗೆ ಸಾಗುವ ಪ್ರವಾಸದಲ್ಲಿ ಮಲೆನಾಡಿನ ಗದ್ದೆ, ತೋಟ, ಕಾಡು, ಘಟ್ಟ, ಕರಾವಳಿ ಎಲ್ಲವೂ ಸಿಗುತ್ತವೆ. ಆದರೆ ತಮ್ಮ ಯೋಜನೆಯಲ್ಲಿ ಎರಡು ವಿಷಯಗಳನ್ನು ಬದಲಾಯಿಸಲೇಬೇಕೆಂದು ನನ್ನ ಸಲಹೆ. ಒಂದು, ಹೊರಡುವ ತಿಂಗಳು. ಇನ್ನೊಂದು, ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಹಾಕಿಕೊಂಡಿರುವ ಲೆಕ್ಕ.

ಮೊದಲು ತಿಂಗಳ ವಿಚಾರ. ಡಿಸೆಂಬರ್ ಕೊನೆಯಲ್ಲಿ ಹವೆ ಹಿತವಾಗಿರುತ್ತದೆ, ಆಕಾಶ ಶುಭ್ರವಾಗಿರುತ್ತದೆ, ನಿಜ. ಆದರೆ ಮಂಗನ ಕಾಯಿಲೆಯ ಕಾಲವೂ ಅದೇ ಹೊತ್ತಿಗೆ ಶುರುವಾಗುತ್ತದೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಮಳೆ ನಿಂತು ನೆಲ ಒಣಗಿದ ಮೇಲೆ ಇದನ್ನು ಹರಡುವ ಉಣುಗಿನ, ಅಂದರೆ ಉಣ್ಣೆಹುಳದ ಮರಿಗಳು ತರಗೆಲೆಗಳ ನಡುವೆ ಹೆಚ್ಚುತ್ತವೆ. ಗಸಗಸೆ ಕಾಳಿನಷ್ಟು ಸಣ್ಣದಾಗಿರುವುದರಿಂದ ಅವು ಕಾಲಿಗೆ ಹತ್ತಿದ್ದೂ ಗೊತ್ತಾಗುವುದಿಲ್ಲ. ಹೆದರಿ ಮನೆಯಲ್ಲೇ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕಾಡಿನಂಚಿನಲ್ಲೇ ಬದುಕುವ ಜನ ದಿನವೂ ಸೊಪ್ಪಿಗೆ, ದರಗಿಗೆ ಹೋಗಲೇಬೇಕು. ರಜೆಗೆ ಹೋಗುವವರಿಗಾದರೋ ತಿಂಗಳನ್ನು ಆರಿಸಿಕೊಳ್ಳುವ ಅವಕಾಶವಿದೆ, ಅದನ್ನು ಬಳಸಿಕೊಳ್ಳುವುದು ವಿವೇಕ.

ಹಾಗಾಗಿ ನವೆಂಬರ್ ತಿಂಗಳ ನಡುವಿನ ದಿನಗಳನ್ನು ಆರಿಸಿಕೊಳ್ಳಿ. ಆಗ ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಗುಡ್ಡದ ಹುಲ್ಲಿನ ಹಸಿರು ಪೂರ್ತಿ ಮಾಸಿರುವುದಿಲ್ಲ, ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದಿರುತ್ತದೆ. ಹಿಂಗಾರಿನ ಒಂದೆರಡು ಮಳೆ ಬರಬಹುದಾದ್ದರಿಂದ ತೆಳುವಾದ ಮಳೆ ಅಂಗಿ ಜೊತೆಗಿರಲಿ. ತೇವವಿದ್ದ ಕಡೆ ಉಂಬಳಗಳ ಕಾಟವೂ ಸ್ವಲ್ಪ ಇರುತ್ತದೆ. ಅದು ಕಿರಿಕಿರಿಯೇ ಹೊರತು ಅಪಾಯವಲ್ಲ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ಅಂಚನ್ನು ಸೇರಿಸಿಕೊಂಡು, ಉಪ್ಪು ಅಥವಾ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರೆ ಸಾಕು. ಮಳೆಗಾಲದಲ್ಲಿ ಮಾತ್ರ ಈ ದಾರಿ ಖಂಡಿತ ಬೇಡ. ಸಮೀಪದ ಹುಲಿಕಲ್ ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು.

ಇನ್ನು ದಿನದ ಲೆಕ್ಕ. ವಿನೋಬನಗರದ ರಸ್ತೆಯಲ್ಲಿ ಒಂದು ಗಂಟೆಗೆ ಐದು ಕಿ.ಮೀ. ನಡೆಯುವವರು ಐದು ಗಂಟೆಯಲ್ಲಿ 25 ಕಿ.ಮೀ. ನಡೆದುಬಿಡಬಹುದೆಂದು ಭಾವಿಸುವುದು ಸಹಜ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಹೇಳಿದ ಒಂದು ಸರಳ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹತ್ತು ಕಿ.ಮೀ. ದೂರವೂ 600 ಮೀಟರ್ ಏರೂ ಇದ್ದರೆ ಮೂರು ಗಂಟೆ ಎಂದಾಯಿತು. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಹಿಡಿಯುವ ಹೊತ್ತು. ಬೆನ್ನಿಗೆ ಚೀಲ ಹೊತ್ತು, ಕಲ್ಲು ಬೇರುಗಳ ದಾರಿಯಲ್ಲಿ, ಊಟ ವಿಶ್ರಾಂತಿಗಳೊಂದಿಗೆ ನಡೆಯುವವರು ಅದಕ್ಕೆ ಅರ್ಧದಷ್ಟನ್ನಾದರೂ ಸೇರಿಸಿಕೊಳ್ಳಬೇಕು. ನವೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಣಿವೆಯ ದಟ್ಟ ಕಾಡಿನಲ್ಲಿ ಐದಕ್ಕೇ ಮಬ್ಬುಗತ್ತಲೆ. ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಮೂರರೊಳಗೆ ಉಳಿಯುವ ಮನೆಯನ್ನು ಸೇರುವಂತೆ ದಿನಕ್ಕೆ 12ರಿಂದ 15 ಕಿ.ಮೀ. ಇಟ್ಟುಕೊಳ್ಳಿ. ಚೀಲ ಆರೇಳು ಕೆ.ಜಿ. ಮೀರದಿರಲಿ.

ಮೊದಲ ದಿನ ನಗರದಲ್ಲೇ ಉಳಿಯಿರಿ. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರವೆಂದು ಹೆಸರಿಟ್ಟ ಈ ಊರಿನ ಕೋಟೆಯನ್ನೂ, ಕೆಳದಿ ಅರಸರ ಕಾಲದ ದೇವಗಂಗೆಯ ಕೊಳಗಳನ್ನೂ ಓಡಾಡಿ ನೋಡಲು ಅರ್ಧ ದಿನ ಬೇಕು, ಕಾಲುಗಳೂ ಹದಕ್ಕೆ ಬರುತ್ತವೆ. ಎರಡನೆಯ ದಿನ ನಿಟ್ಟೂರಿನ ಕಡೆಗೆ ಹಳ್ಳಿಗಳ ಒಳದಾರಿಯಲ್ಲಿ ಸಾಗಿ. ದೂರ ಹೆಚ್ಚೆನಿಸಿದರೆ ಸ್ವಲ್ಪ ಭಾಗವನ್ನು ಬಸ್ಸಿನಲ್ಲಿ ಕಳೆಯಬಹುದು. ಇಲ್ಲಿ ದಾರಿ ಕೇಳುವ ಕ್ರಮವನ್ನು ಕಲಿಯಬೇಕು. ‘ಇನ್ನೆಷ್ಟು ದೂರ’ ಎಂದರೆ ‘ಇಲ್ಲೇ ಹತ್ರ’ ಎಂಬ ಉತ್ತರ ಸಿಗುತ್ತದೆ. ‘ನಡೆದರೆ ಎಷ್ಟು ಹೊತ್ತು ಬೇಕು, ನಡುವೆ ಹೊಳೆ ದಾಟಬೇಕೆ’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಮಾಹಿತಿ ದೊರೆಯುತ್ತದೆ. ಮೊಬೈಲ್ ಸಿಗ್ನಲ್ ಅನೇಕ ಕಡೆ ಇರುವುದಿಲ್ಲವಾದ್ದರಿಂದ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಭೂಪಟವನ್ನು ಮೊದಲೇ ಇಳಿಸಿಕೊಂಡು, ಅದರ ಎತ್ತರದ ರೇಖೆಗಳನ್ನು ಓದಲು ಮಗಳಿಗೆ ಅಭ್ಯಾಸ ಮಾಡಿಸಿ.

ತೋಟದಂಚಿನ ದಾರಿಗಳಲ್ಲಿ ಉಣಗೋಲುಗಳು ಎದುರಾಗುತ್ತವೆ. ಅಡ್ಡಗೋಲುಗಳನ್ನು ಸರಿಸಿ ದಾಟಿದವರು ಅವನ್ನು ಮತ್ತೆ ಇದ್ದಂತೆಯೇ ಇಡಬೇಕು, ಇಲ್ಲವಾದರೆ ದನಗಳು ಒಳನುಗ್ಗಿ ಬೆಳೆ ಹಾಳಾಗುತ್ತದೆ. ವಿದ್ಯುತ್ ಹರಿಯುವ ಐಬೆಕ್ಸ್ ಬೇಲಿಯ ತಂತಿಯನ್ನು ಮುಟ್ಟಬೇಡಿ. ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕಿದ್ದರೆ ದಾಟುವ ಮುನ್ನ ಒಂದು ಕಾಲಿನಿಂದ ಒತ್ತಿ ನೋಡಿ. ಮಂಜು ಬಿದ್ದ ಬೆಳಿಗ್ಗೆ ಅದರ ಮೈ ಪಾಚಿಗಲ್ಲಿನಂತೆ ಜಾರುತ್ತದೆ. ಚೀಲದ ಸೊಂಟಪಟ್ಟಿ ಬಿಚ್ಚಿಕೊಂಡು, ಪಾದಗಳನ್ನು ಅಡ್ಡಲಾಗಿಟ್ಟು, ಒಬ್ಬರು ಪೂರ್ತಿ ದಾಟಿದ ಮೇಲೆ ಇನ್ನೊಬ್ಬರು ಕಾಲಿಡಬೇಕು. ಈ ತಿಂಗಳುಗಳಲ್ಲಿ ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ. ಮನೆಮಂದಿಯೆಲ್ಲ ಸುಲಿಯುವ, ಬೇಯಿಸುವ ಕೆಲಸದಲ್ಲಿರುವುದರಿಂದ ಹೋಂಸ್ಟೇಯವರಿಗೆ ಬರುವ ಹೊತ್ತನ್ನೂ ಊಟಕ್ಕೆಷ್ಟು ಜನ ಎಂಬುದನ್ನೂ ಮೊದಲೇ ತಿಳಿಸುವುದು ಸೌಜನ್ಯ.

ಮೂರನೆಯ ದಿನ ಕೊಡಚಾದ್ರಿ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಿ. ಯಾವ ದಾರಿ ತೆರೆದಿದೆ, ಎಲ್ಲಿಂದ ಹತ್ತಿ ಎಲ್ಲಿ ಇಳಿಯಬಹುದು ಎಂಬುದನ್ನು ಆಗಲೇ ಖಚಿತಪಡಿಸಿಕೊಳ್ಳಿ. ಶನಿವಾರ, ಭಾನುವಾರಗಳನ್ನು ಬಿಟ್ಟು ಬೇರೆ ದಿನ ಹೋದರೆ ಜನಸಂದಣಿಯೂ ಜೀಪುಗಳ ಧೂಳೂ ಕಡಿಮೆ. ಮೂಲ ಮೂಕಾಂಬಿಕೆಯ ಗುಡಿಯೆದುರಿನ ಕಬ್ಬಿಣದ ಸ್ತಂಭದ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿಂದ ಸರ್ವಜ್ಞ ಪೀಠದವರೆಗಿನ ಏರು ದಾರಿಯಲ್ಲಿ ಗಾಳಿ ಜೋರಾಗಿರುತ್ತದೆ. ಸೂರ್ಯಾಸ್ತ ನೋಡಿಯೇ ಇಳಿಯಬೇಕೆಂಬ ಆಸೆಯನ್ನು ನಡೆದು ಬಂದವರು ಬಿಡಬೇಕು, ಕತ್ತಲಲ್ಲಿ ಇಳಿಯುವಾಗಲೇ ಕಾಲು ಉಳುಕುವುದು ಹೆಚ್ಚು.

ಕೊಲ್ಲೂರಿಗೆ ನಡೆದೇ ಇಳಿಯುವ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಅನುಮತಿಯಿರುವ ದಾರಿ, ಇಲಾಖೆಯ ಮಾರ್ಗದರ್ಶಿ ಎರಡೂ ಸಿಕ್ಕರೆ ಮಾತ್ರ ಇಳಿಯಿರಿ. ಇಲ್ಲವಾದರೆ ನಿಟ್ಟೂರಿಗೇ ಮರಳಿ, ನಾಲ್ಕನೆಯ ದಿನ ನಾಗೋಡಿ ಘಾಟಿಯನ್ನು ಬಸ್ಸಿನಲ್ಲಿ ಇಳಿಯಿರಿ. ಅದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ತಿರುವುಗಳ ಕಿರಿದಾದ ರಸ್ತೆಯಲ್ಲಿ ಪಾದಚಾರಿಗೆ ವಾಹನಗಳದೂ ಭಯ, ಕಾಡುಪ್ರಾಣಿಗಳದೂ ಭಯ. ನಡೆಯುವ ರಜೆಯೆಂದರೆ ಇಡೀ ದಾರಿಯನ್ನು ಎಲ್ಲೂ ತುಂಡಾಗದಂತೆ ನಡೆದೇ ಮುಗಿಸಬೇಕೆಂಬ ಹಟ ಬೇಡ. ಕಾಲಿಗೆ ಹಿತವಾದ ಭಾಗವನ್ನು ನಡೆದು, ಅಪಾಯದ ಭಾಗವನ್ನು ವಾಹನಕ್ಕೆ ಬಿಟ್ಟರೆ ಪ್ರವಾಸಕ್ಕೇನೂ ಊನವಾಗುವುದಿಲ್ಲ.

ಕೊನೆಯ ಎರಡು ದಿನ ಕರಾವಳಿ. ಮರವಂತೆಯಲ್ಲಿ ಸೌಪರ್ಣಿಕೆ ಕಡಲಿನ ತೀರಾ ಹತ್ತಿರಕ್ಕೆ ಬಂದೂ ಸೇರದೆ, ಹೆದ್ದಾರಿಯ ಈ ಬದಿಯಲ್ಲೇ ತಿರುಗಿ ಹರಿದು, ದಕ್ಷಿಣದ ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತದೆ. ಈ ನೋಟವನ್ನು ಕಾರಿನಿಂದ ನೋಡಿದವರು ಅನೇಕರು. ಬೆಳಗಿನ ಹೊತ್ತು ಇಳಿತದ ಸಮಯದಲ್ಲಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ನಡೆದು ನೋಡುವುದೇ ಬೇರೆ. ತಡೆಗೋಡೆಯ ಬಂಡೆಗಳಿರುವ ಕಡೆ ರಸ್ತೆಗೆ ಹತ್ತಿಕೊಳ್ಳಿ. ನದಿಯ ಅಳಿವೆಯನ್ನು ನೀರಿಗಿಳಿದು ದಾಟುವ ಸಾಹಸ ಸರ್ವಥಾ ಬೇಡ. ಈಜಲೂ ಆ ತೀರ ತಕ್ಕುದಲ್ಲ. ಘಟ್ಟದ ಮೇಲಿನ ತಂಪಿಗೆ ಒಗ್ಗಿದವರಿಗೆ ಕೆಳಗಿನ ಸೆಕೆ ಬೇಗ ದಣಿವು ತರುವುದರಿಂದ ಹತ್ತೂವರೆಯ ನಂತರ ನೆರಳಿಗೆ ಸೇರಿ. ಮರಳಲು ಕುಂದಾಪುರದಿಂದ ಶಿವಮೊಗ್ಗಕ್ಕೆ ಬಸ್ಸುಗಳಿವೆ.

ಮಗಳ ಪರೀಕ್ಷೆಯ ಕಾರಣ ಡಿಸೆಂಬರೇ ಅನಿವಾರ್ಯವಾದರೆ ಕಾಡಿನ ಭಾಗವನ್ನು ಕೈಬಿಡಿ. ತಾಳಗುಪ್ಪದ ರೈಲಿನಲ್ಲಿ ಸಾಗರಕ್ಕೆ ಹೋಗಿ, ಉತ್ತರಕ್ಕಿರುವ ಕೆಳದಿಯ ರಾಮೇಶ್ವರ ದೇವಾಲಯವನ್ನೂ ದಕ್ಷಿಣಕ್ಕಿರುವ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನೂ ಊರ ರಸ್ತೆಗಳಲ್ಲೇ ಎರಡು ದಿನ ನಡೆದು ನೋಡಿ, ಉಳಿದ ದಿನಗಳನ್ನು ಕಡಲತೀರಕ್ಕೆ ಇಡಿ. ಆಗಲೂ ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ತೊಟ್ಟ ಬಟ್ಟೆಗಳನ್ನು ಬಿಸಿನೀರಿನಲ್ಲೇ ನೆನೆಸಿ. ಮನೆಗೆ ಬಂದ ಎರಡು ವಾರದೊಳಗೆ ಮೂವರಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯದೆ ವೈದ್ಯರ ಬಳಿ ಹೋಗಿ, ಎಲ್ಲೆಲ್ಲಿ ನಡೆದಿರಿ ಎಂಬುದನ್ನು ತಪ್ಪದೆ ತಿಳಿಸಿ.